ಅತ್ತೆಯ ಹೊಗಳಿಕೆಗೊಂದು ಸ್ಪ್ಯಾನಿಷ್ ಪದ

ನನ್ನ ಅತ್ತೆ ನನ್ನನ್ನು ಹೊಗಳುತ್ತಿದ್ದಾರೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅದು ಹೊಗಳಿಕೆಯೇ ಅಲ್ಲ ಎಂದು ನನಗೆ ತಿಳಿಸಿಕೊಟ್ಟವಳು ಕನ್ನಡದ ಒಂದಕ್ಷರವೂ ಬಾರದ ಸ್ಪೇನ್ ದೇಶದ ಹೆಂಗಸು. ಅದೂ ನಮ್ಮದೇ ಮನೆಯಲ್ಲಿ, ನಾನೇ ಮಾಡಿದ ಕೋಳಿ ಗಸಿ ಉಂಡು.

ನಾನು ತುಮಕೂರಿನವಳು. ಕಟ್ಟಡಗಳ ಒಳಗೆ ತಂಪು ಗಾಳಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ನಕ್ಷೆ ಮಾಡುವುದು ನನ್ನ ಕೆಲಸ. ಬಹ್ರೇನಿನಲ್ಲಿ ಈ ಕೆಲಸಕ್ಕೆ ಪೂಜಾರಿಕೆಯಷ್ಟೇ ಮರ್ಯಾದೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ತುಸು ಹೆಚ್ಚೇ. ರಾಜಧಾನಿ ಮನಾಮಾದ ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಈ ಸ್ಪೇನಿನವಳದು. ಕಂಬ, ತೊಲೆಗಳ ಲೆಕ್ಕ ಅವಳದು. ವಯಸ್ಸು ಐವತ್ತರ ಹತ್ತಿರ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ತುಂಬ ಅದನ್ನೇ ಹುಡುಕುತ್ತಿದ್ದಳು. ನಮ್ಮಿಬ್ಬರ ಸ್ನೇಹ ಜಗಳದಿಂದಲೇ ಹುಟ್ಟಿದ್ದು, ಏಕೆಂದರೆ ನನ್ನ ಗಾಳಿಯ ಕೊಳವೆಗಳು ಯಾವಾಗಲೂ ಅವಳ ತೊಲೆಗಳಿರುವ ಜಾಗಕ್ಕೇ ಆಸೆಪಡುತ್ತಿದ್ದವು.

ನಮ್ಮಿಬ್ಬರ ಮೇಲೆ ಒಬ್ಬ ಮ್ಯಾನೇಜರ್. ಅವರ ದೇಶ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಆ ದೇಶದ ಉಳಿದ ಜನಕ್ಕೆ ಅನ್ಯಾಯವಾದೀತು. ಕೆಟ್ಟವರಲ್ಲ. ಮಾತಿಗೆ ಮೇಲುಗಡೆ ಇರುವ ಅರ್ಥ ಬಿಟ್ಟು ಇನ್ನೊಂದು ಅರ್ಥ ಇರಬಹುದು ಎಂಬ ಸುದ್ದಿ ಅವರಿಗೆ ಇನ್ನೂ ತಲುಪಿರಲಿಲ್ಲ, ಅಷ್ಟೆ. ಒಂದು ಭಾನುವಾರ, ವಾರದ ಮೊದಲ ಮೀಟಿಂಗಿನಲ್ಲಿ, ಅವರು ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿದರು. ಬೆಟ್ಟದ ಮೇಲೆ ಹದ್ದು. ಕೆಳಗೆ, ಸಮಸ್ಯೆಗಳಿಗಿಂತ ಎತ್ತರಕ್ಕೆ ಹಾರಿರಿ ಎಂಬರ್ಥದ ಇಂಗ್ಲಿಷ್ ಸಾಲು. ಅಂದು ನಮ್ಮ ಸಮಸ್ಯೆ ಏನೆಂದರೆ, ಕಂಟ್ರಾಕ್ಟರ್ ಒಬ್ಬ ಇವಳ ತೊಲೆಯೊಂದರ ನಟ್ಟನಡುವೆ ತೂತು ಕೊರೆದು ಕೂತಿದ್ದ. ಅದರ ಬಗ್ಗೆ ಮಾತಾಡಲು ಬಂದಿದ್ದ ನಾವೆಲ್ಲ ಹದ್ದನ್ನು ನೋಡಿದೆವು.

ಸ್ಪೇನಿನವಳು ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿ, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ ಹೇಳಿದಳು: "ಎಷ್ಟು ಚೆನ್ನಾಗಿದೆ. ಇದು ನನಗೆ ಮನೆಯಲ್ಲೂ ಬೇಕು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಾಣುವ ಹಾಗೆ."

ಮರುದಿನ ಅವಳ ಮೇಜಿನ ಮೇಲೆ ಆ ಹದ್ದು ಚೌಕಟ್ಟು ಹಾಕಿಸಿಕೊಂಡು ಕುಳಿತಿತ್ತು. ಮ್ಯಾನೇಜರ್ ಕೈಯಾರೆ ತಂದಿಟ್ಟಿದ್ದರು. "ನಿಮ್ಮ ಮಂಚದ ಎದುರಿಗೆ," ಎಂದು ನಕ್ಕು ಹೋದರು.

ನಾನು ನಗು ತಡೆಯಲಾರದೆ ಅವಳನ್ನು ಕೇಳಿದೆ, "ನೀನು ಮಾಡಿದ್ದಕ್ಕೆ ನಿಮ್ಮಲ್ಲಿ ಏನಂತಾರೆ? ಐರನಿಯಾ, ಸರ್ಕಾಸಮ್ಮಾ?"

"ಇರೋನಿಯಾ ಅಂತ ಒಂದಿದೆ. ಅದು ಪಾಠದ ಪುಸ್ತಕದ್ದು. ಸರ್ಕಾಸ್ಮೋ ಅಂತ ಇನ್ನೊಂದಿದೆ, ಅದಕ್ಕೆ ಹಲ್ಲಿದೆ, ಕಚ್ಚುತ್ತೆ," ಎಂದಳು. "ಇದು ಸೋರ್ನಾ."

ಸೋರ್ನಾ ಎಂದರೆ ಅವಸರವಿಲ್ಲದ ವ್ಯಂಗ್ಯವಂತೆ. ಹಳೆಯ ಅರ್ಥದಲ್ಲಿ ಆ ಪದಕ್ಕೆ ಬರೀ ನಿಧಾನ ಎಂದೂ ಇತ್ತಂತೆ. ನಿಧಾನಕ್ಕೆ ಹೇಳಬೇಕು, ಮುಖ ನೆಟ್ಟಗಿರಬೇಕು, ಹೇಳಿಸಿಕೊಂಡವನಿಗೆ ಇದು ಹೊಗಳಿಕೆಯೋ ಮಂಗಳಾರತಿಯೋ ತಿಳಿಯಬಾರದು. ಅದರ ಬಳಕೆಗೂ ಒಂದು ಕ್ರಮವಿದೆ. ಯಾರೂ "ನಾನು ಸೋರ್ನಾ ಮಾಡಿದೆ" ಎನ್ನುವುದಿಲ್ಲ. "ಅವಳು ಸೋರ್ನಾ ಹಾಕಿ ಹೇಳಿದಳು" ಎಂದು ಮೂರನೆಯವರು ಹೇಳಬೇಕು, ಉಪ್ಪು ಹಾಕಿ ಬೇಯಿಸಿದಳು ಎಂಬ ಹಾಗೆ.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಸಂಜೆಯವರೆಗೂ ಯೋಚಿಸಿದೆ. ವ್ಯಂಗ್ಯ ಎಂದರೆ ಯಾಕೋ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಹಾಗಾಗುತ್ತದೆ. ಕುಚೋದ್ಯದಲ್ಲಿ ಹೇಳುವವನೇ ಮೊದಲು ನಕ್ಕುಬಿಡುತ್ತಾನೆ. ಕೊಂಕು ಹತ್ತಿರ ಬರುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ಕಿಚ್ಚಿದೆ. ಸೋರ್ನಾದ ಹೊಟ್ಟೆ ತಣ್ಣಗಿರುತ್ತದೆ. ಜಿಂಜ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ಗಂಡನಿಗೆ, "ಇವತ್ತು ಸೋರ್ನಾ ಅಂತ ಒಂದು ಸಿಕ್ತು ಕಣೋ," ಎಂದೆ. ಅವನಿಗೆ ಸ್ವರ್ಣ ಎಂದು ಕೇಳಿಸಿತು. "ಈಗ ಬೇಡ ಮಾರಾಯ್ತಿ, ರೇಟು ಇಳಿಯಲಿ," ಎಂದ.

ನನ್ನ ಗಂಡ ಮೂಲ್ಕಿಯವನು. ಮನೆಯ ಮಾತು ತುಳು. ನನ್ನೊಡನೆ ಕನ್ನಡ. ಅವನ ಅಮ್ಮ, ಅಂದರೆ ನನ್ನ ಅತ್ತೆ, ಪ್ರತಿ ಚಳಿಗಾಲ ನಮ್ಮಲ್ಲಿಗೆ ಬಂದು ಇರುತ್ತಾರೆ. ಮಗನೊಡನೆ, ಫೋನಿನಲ್ಲಿ ತಂಗಿಯೊಡನೆ ತುಳುವಿನಲ್ಲಿ ಅವರ ಮಾತು ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ. ನನ್ನೊಡನೆ ಮಾತ್ರ ಕನ್ನಡದಲ್ಲಿ, ನಿಧಾನವಾಗಿ, ಬಿಡಿಸಿ ಬಿಡಿಸಿ. ಕನ್ನಡ ಅವರಿಗೆ ಮನೆಯ ಮಾತಲ್ಲವಲ್ಲ, ಪಾಪ, ಪದ ಹುಡುಕುತ್ತಾರೆ ಎಂದು ನಾನು ಮರುಗುತ್ತಿದ್ದೆ.

ಆ ನಿಧಾನದ ಕನ್ನಡದಲ್ಲಿ ಅವರು ನನ್ನನ್ನು ಹೊಗಳುತ್ತಿದ್ದರು. ನನ್ನ ಗೆಳತಿಯರೆಲ್ಲ ಅತ್ತೆಯರ ಬಗ್ಗೆ ದೂರುವಾಗ ನಾನು ಸುಮ್ಮನೆ ಕೂತು ಒಳಗೊಳಗೇ ಬೀಗುತ್ತಿದ್ದೆ.

ಆ ವರ್ಷ ಅತ್ತೆ ಬಂದ ಮೇಲೆ ಒಂದು ಶುಕ್ರವಾರ ಸ್ಪೇನಿನವಳನ್ನು ಊಟಕ್ಕೆ ಕರೆದೆ. ಸಸ್ಯಾಹಾರಿ ಮನೆಯಲ್ಲಿ ಬೆಳೆದ ನಾನು ಮದುವೆಯಾದ ಮೇಲೆ ತೆಂಗಿನಕಾಯಿ ಅರೆದು ಮಾಡುವ ಕೋಳಿ ಗಸಿ ಕಲಿತವಳು. ಹಾಗೆ ಕಲಿತವರಿಗಿರುವ ಜಂಬವೂ ನನಗಿತ್ತು. ನೀರ್ ದೋಸೆ, ಗಸಿ ಬಡಿಸಿದೆ. ಅತ್ತೆ ಒಂದು ತುಂಡು ಬಾಯಿಗಿಟ್ಟು, ಕಣ್ಣು ಅರೆ ಮುಚ್ಚಿ, ಹೇಳಿದರು:

"ಎಷ್ಟು... ಮೆತ್ತಗೆ... ಮಾಡಿದ್ದಿ. ತಾನು ಗಸಿ ಆಗಿದ್ದೇನೆ ಅಂತ ಆ ಕೋಳಿಗೇ ಗೊತ್ತಾಗ್ಲಿಕ್ಕಿಲ್ಲ."

"ಥ್ಯಾಂಕ್ಸ್ ಅತ್ತೆ," ಎಂದೆ.

ಸ್ಪೇನಿನವಳು ಫಕ್ಕನೆ ನಕ್ಕಳು. ನಕ್ಕ ರಭಸಕ್ಕೆ ನೀರು ನೆತ್ತಿಗೇರಿತು. ಅತ್ತೆ ತಿನ್ನುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಅವಳೂ ಅತ್ತೆಯನ್ನು ನೋಡಿದಳು. ಬಳಿಕ ಇಬ್ಬರೂ, ಭಾಷೆಯ ಒಂದು ಎಳೆಯೂ ನಡುವೆ ಇಲ್ಲದ ಆ ಇಬ್ಬರು ಹೆಂಗಸರು, ತುಟಿ ಬಿಗಿಹಿಡಿದು, ಒಂದೇ ಶಾಲೆಯಲ್ಲಿ ಓದಿದವರ ಹಾಗೆ ತಲೆಯಾಡಿಸಿದರು. ನನ್ನ ಗಂಡ ತಟ್ಟೆಯೊಳಗೆ ಮುಖವಿಟ್ಟು ಕೂತ.

ಅವಳನ್ನು ಬೀಳ್ಕೊಡಲು ಕೆಳಗಿನ ಪಾರ್ಕಿಂಗಿಗೆ ಹೋದೆ. ಕಾರಿನ ಬಾಗಿಲು ತೆರೆದು ಅವಳು ಹೇಳಿದಳು, "ನಿನ್ನ ಅತ್ತೆ ದೊಡ್ಡ ಕಲಾವಿದೆ. ನನ್ನ ಅಜ್ಜಿಯನ್ನು ಕಂಡ ಹಾಗಾಯಿತು. ಅದು ಅಪ್ಪಟ ಸೋರ್ನಾ."

"ಯಾವುದು?"

"ನಿನ್ನ ಕೋಳಿಯ ಬಗ್ಗೆ ಹೇಳಿದರಲ್ಲ."

"ಅವರು ನನ್ನನ್ನು ಹೊಗಳಿದ್ದು! ನಿನಗೆ ಭಾಷೆ ಬರಲ್ಲ. ಅವರು ನಿಧಾನಕ್ಕೆ ಮಾತಾಡೋದು ಕನ್ನಡ ಅವರ ಮನೆಮಾತಲ್ಲ ಅಂತ."

"ಹಾಗಾದರೆ ಅಡುಗೆಮನೆಯಲ್ಲಿ ನಿಮ್ಮ ಪಕ್ಕದ ಮನೆಯವಳ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರು?"

ಪಕ್ಕದ ಫ್ಲ್ಯಾಟಿನವಳು ಶಿವಮೊಗ್ಗದ ಕಡೆಯವಳು. ಊಟಕ್ಕೆ ಕೂರುವ ಮುಂಚೆ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ಅತ್ತೆ ಅವಳೊಡನೆ ಮಾತಾಡಿದ್ದು ಕನ್ನಡದಲ್ಲಿ. ಅವಳ ಗಂಡನ ಸಕ್ಕರೆ ಕಾಯಿಲೆ, ತಮ್ಮ ಮಂಡಿನೋವು, ವಿಮಾನದಲ್ಲಿ ಕೊಟ್ಟ ಉಪ್ಪಿಟ್ಟು, ಎಲ್ಲವನ್ನೂ ಆ ಹೆಂಗಸು ಹೆಪ್ಪು ಹಿಡಿದು ಬಾಗಿಲು ದಾಟುವಷ್ಟರಲ್ಲಿ ಕೇಳಿ, ಹೇಳಿ ಮುಗಿಸಿದ್ದರು. ಸಾಸಿವೆ ಕನ್ನಡದಲ್ಲೂ ಸಿಡಿಯುತ್ತಿತ್ತು.

ಲಿಫ್ಟಿನಲ್ಲಿ ಮೇಲೆ ಬರುವಾಗ ವರ್ಷಗಳ ಹೊಗಳಿಕೆಯೆಲ್ಲ ತಿರುಗಿಬಿದ್ದು ನನ್ನ ಮೇಲೇ ಏರಿ ಬಂತು. ಮದುವೆಯ ಮರುದಿನ: "ಸೀರೆ ಎಂಥ ಚಂದ ಉಟ್ಟಿದ್ದಿ, ಯಾರೂ ಹೀಗೆ ಉಟ್ಟದ್ದನ್ನು ನಾನು ನೋಡ್ಲಿಲ್ಲ." ನನ್ನ ಹಾಡು ಕೇಳಿ: "ಕಿವಿ ತುಂಬಿತು, ಇನ್ನು ಸಾಕು." ನಾನು ತಡವಾಗಿ ಎದ್ದ ದಿನ: "ಪಾಪ, ನಿನ್ನನ್ನು ನೋಡಿ ಸೂರ್ಯನೂ ಕಲಿಯಬೇಕು." ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳಿದ್ದೆ. ಸೂರ್ಯನ ಮಾತನ್ನು ನನ್ನಮ್ಮನಿಗೆ ಫೋನ್ ಮಾಡಿ ಕೂಡ ಹೇಳಿದ್ದೆ.

ಕೋಣೆಯ ಬಾಗಿಲು ಹಾಕಿ ಗಂಡನನ್ನು ಹಿಡಿದೆ. "ನಿನಗೆ ಗೊತ್ತಿತ್ತಾ?"

"ಎಂತದ್ದು?"

"ನಿಮ್ಮಮ್ಮ ನನ್ನನ್ನ ಆಡಿಕೊಳ್ತಾರೆ ಅಂತ."

ಅವನು ಬಹಳ ಹೊತ್ತು ಚಾರ್ಜರ್ ಹುಡುಕಿದ. "ಗೊತ್ತಿತ್ತು. ಅಮ್ಮ ಎಲ್ಲರಿಗೂ ಹಾಗೇ. ನಿನಗೆ ಖುಷಿ ಆಗ್ತಿತ್ತಲ್ಲ, ನಾನು ಯಾಕೆ ಹಾಳು ಮಾಡುವುದು?"

ನಾನು ಅತ್ತುಬಿಟ್ಟೆ. ಇದನ್ನು ಬರೆಯುವಾಗ ಎಷ್ಟೇ ತಮಾಷೆಯಾಗಿ ಕಂಡರೂ ಅಂದು ಅತ್ತದ್ದು ನಿಜ. ಮನೆಯಲ್ಲಿ ಒಬ್ಬರಾದರೂ ನನ್ನನ್ನು ಮೆಚ್ಚುತ್ತಾರೆ ಎಂದುಕೊಂಡಿದ್ದು, ಆ ಒಬ್ಬರೇ ನಗುತ್ತಿದ್ದರೆಂದರೆ ಹೇಗಿರುತ್ತದೆ? ಗಂಡ ಟಿಶ್ಯೂ ಪೆಟ್ಟಿಗೆ ತಂದುಕೊಟ್ಟು, ಅದನ್ನು ಕೊಡುವುದು ಸರಿಯೋ ತಪ್ಪೋ ತಿಳಿಯದೆ ಮತ್ತೆ ತೆಗೆದುಕೊಂಡು ಹೋದ.

ಅಳು ಮುಗಿದ ಮೇಲೆ ಸೇಡು ಬಂತು. ನಾನೂ ಸೋರ್ನಾ ಕಲಿಯುತ್ತೇನೆ ಎಂದು ಸ್ಪೇನಿನವಳಿಗೆ ಹೇಳಿದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತು ತರಬೇತಿ ನಡೆಯಿತು. ಅವಳ ತೀರ್ಪು ಕಠಿಣವಾಗಿತ್ತು. "ನೀನು ಓಡುತ್ತೀಯ. ಮಾತು ಮುಗಿಯುವ ಮೊದಲೇ ಹುಬ್ಬು ಏರಿಸುತ್ತೀಯ. ಹವಾಮಾನ ವರದಿ ಓದುವವಳ ಹಾಗೆ ಹೇಳು."

ಒಂದು ಸಂಜೆ ಧೈರ್ಯ ಮಾಡಿದೆ. ಅತ್ತೆ ಮಾಡಿದ ಬಂಗುಡೆ ಮೀನಿನ ಸಾರಿಗೆ ಖಾರ ವಿಪರೀತ ಬಿದ್ದಿತ್ತು. ಮುಖ ನೆಟ್ಟಗೆ ಮಾಡಿ, ಒಂದೊಂದೇ ಪದ ಎಣಿಸುತ್ತಾ ಹೇಳಿದೆ: "ಅತ್ತೆ... ಸಾರು... ಎಷ್ಟು... ಸಪ್ಪೆಯಾಗಿ... ಹಿತವಾಗಿದೆ."

ಅತ್ತೆ ಗಾಬರಿಯಿಂದ ನನ್ನ ಹಣೆ ಮುಟ್ಟಿದರು. "ಎಂತ ಆಯ್ತು ಮಾರಾಯ್ತಿ? ಹೊಟ್ಟೆನೋವಾ? ಮುಖ ಯಾಕೆ ಹಾಗೆ ಮಾಡ್ತಿ?" ಮಗನನ್ನು ಕರೆದು ನನಗೆ ಓಮದ ನೀರು ಕುದಿಸಲು ಹೇಳಿದರು. ಅದನ್ನು ಕುಡಿದೆ. ಬೇರೆ ದಾರಿಯಿರಲಿಲ್ಲ.

ಇದಾದ ಎರಡು ವಾರಕ್ಕೆ ಮ್ಯಾನೇಜರ್ ರಿಫಾ ಎಂಬ ಊರಿನ ತಮ್ಮ ವಿಲ್ಲಾಕ್ಕೆ ನಮ್ಮ ಆಫೀಸಿನವರನ್ನೆಲ್ಲ ಮನೆಮಂದಿಯ ಸಮೇತ ಶನಿವಾರದ ಊಟಕ್ಕೆ ಕರೆದರು. ಅತ್ತೆಯೂ ಬಂದರು, ಕಾರಿನಲ್ಲಿ ಕೂತು ಊರು ನೋಡುವುದೆಂದರೆ ಅವರಿಗೆ ಇಷ್ಟ. ಊಟಕ್ಕೆ ಮೊದಲು ಮ್ಯಾನೇಜರ್ ನಮ್ಮನ್ನು ಒಂದು ಉದ್ದ ಪಡಸಾಲೆಗೆ ಕರೆದೊಯ್ದರು. ಗೋಡೆಯ ತುಂಬ ಚಿತ್ರಗಳು. ಎಲ್ಲದರಲ್ಲೂ ಮರಳು, ಮರಳಿನ ಮೇಲೆ ಒಂಟೆ. ಕೆಲವು ಒಂಟೆಗಳಿಗೆ ಐದನೆಯ ಕಾಲಿನಂಥದ್ದೇನೋ ಇತ್ತು. ಮ್ಯಾನೇಜರ್ ಬಿಡುವಿನಲ್ಲಿ ಚಿತ್ರ ಬರೆಯುತ್ತಾರೆಂದು ನಮಗೆ ಅಂದೇ ತಿಳಿದದ್ದು.

ಎಲ್ಲರೂ ಊಟದ ಕೋಣೆಯ ಕಡೆ ನೋಡಿದರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಪ್ರತಿ ಒಂಟೆಯ ಮುಂದೆಯೂ ನಿಂತು ನೋಡಿದರು. ಮ್ಯಾನೇಜರ್‌ಗೆ ಹಿಗ್ಗು. "ಅಮ್ಮ ಏನಂತಾರೆ? ನನಗೆ ಹೇಳಿ," ಎಂದು ನನ್ನನ್ನು ಕೇಳಿದರು. ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಕನ್ನಡದಲ್ಲಿ, ಆ ಹಳೆಯ ನಿಧಾನದಲ್ಲಿ, ಶುರು ಮಾಡಿದರು. "ಹೇಳು. ಇಷ್ಟೆಲ್ಲ ಕೆಲಸದ ನಡುವೆ ಬಿಡಿಸಿದ್ದು ಅಂತ... ನೋಡಿದ ಕೂಡ್ಲೇ ಗೊತ್ತಾಗ್ತದೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಪದಕ್ಕೆ ಪದ. ಅವರಷ್ಟೇ ನಿಧಾನವಾಗಿ. ಅನುವಾದ ಮಾಡುವವಳಿಗೆ ಹುಬ್ಬು ಏರಿಸುವ ಹಕ್ಕಿಲ್ಲ; ನನ್ನ ಮುಖ ತಾನಾಗಿಯೇ ಹವಾಮಾನ ವರದಿಯಾಯಿತು. ಮ್ಯಾನೇಜರ್ ಎದೆಯ ಮೇಲೆ ಕೈಯಿಟ್ಟರು.

"ಒಂಟೆಯನ್ನು ಒಂದು ಸಲ ಹೀಗೆ ನೋಡಿದ ಮೇಲೆ... ನಿಜದ ಒಂಟೆ ನೋಡ್ಲಿಕ್ಕೆ ಧೈರ್ಯ ಬರುವುದಿಲ್ಲ."

ಹೇಳಿದೆ. ಹಿಂದೆ ಯಾರೋ ಕೆಮ್ಮಿದ ಸದ್ದು. ಸ್ಪೇನಿನವಳು ತೋಟದ ಬಾಗಿಲು ಹುಡುಕಿಕೊಂಡು ಹೊರಗೆ ಓಡಿದಳು.

"ಇನ್ನು ಬೇರೆಯವರ ಚಿತ್ರ ನೋಡುವ ಆಸೆಯೇ ಹೋಯ್ತು ಅಂತ ಹೇಳು."

ಅದನ್ನೂ ಹೇಳಿದೆ. ಮ್ಯಾನೇಜರ್ ಕಣ್ಣಲ್ಲಿ ನೀರಾಡಿತು. ಗೋಡೆಯಿಂದ ಅತಿ ದೊಡ್ಡ ಒಂಟೆಯನ್ನೇ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಬಾಗಿ, ಅತ್ತೆಗೆ ಕೊಟ್ಟರು. ಬೇಡವೆನ್ನುವ ದಾರಿಗಳನ್ನೆಲ್ಲ ಅತ್ತೆ ತಮ್ಮ ಬಾಯಿಂದಲೇ ಮುಚ್ಚಿಕೊಂಡಿದ್ದರು. ತೆಗೆದುಕೊಂಡರು.

ವಾಪಸು ಬರುವಾಗ ಗಂಡ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಾನು, ಅತ್ತೆ, ನಮ್ಮಿಬ್ಬರ ಮೊಣಕಾಲಿನ ಮೇಲೆ ಅಡ್ಡಡ್ಡ ಒಂಟೆ. ಅತ್ತೆ ಅದನ್ನು ನೋಡುತ್ತಾ ಮೊದಲು ಭುಜ ಕುಣಿಸಿದರು, ಆಮೇಲೆ ಜೋರಾಗಿ ನಕ್ಕರು. ನನಗೂ ತಡೆಯಲಾಗಲಿಲ್ಲ. ನಗು ಇಳಿಯುವ ಹೊತ್ತಿಗೆ, ಇದಕ್ಕಿಂತ ಒಳ್ಳೆಯ ಸಮಯ ಸಿಗದು ಎನ್ನಿಸಿ, ಕೇಳಿಯೇಬಿಟ್ಟೆ.

"ಅತ್ತೆ, ಇಷ್ಟು ವರ್ಷ ನನ್ನನ್ನೂ ಹೀಗೇ ಹೊಗಳ್ತಾ ಇದ್ರಾ?"

"ಮತ್ತೆ?" ಎಂದರು ಅತ್ತೆ, ಸ್ವಲ್ಪವೂ ಅಳುಕದೆ. "ಆದರೆ ನಿನ್ನ ಹತ್ರ ನನ್ನದು ಎಂತ ನಡೀತು? ಆ ಮ್ಯಾನೇಜರ್ ಪಾಪ, ಅರ್ಥ ಆಗದೆ ಚಿತ್ರ ಕೊಟ್ಟ. ನೀನು ಅರ್ಥ ಆಗಿಯೇ ಕೊಟ್ಟದ್ದಲ್ಲವಾ?"

"ನಾನು ಏನು ಕೊಟ್ಟೆ?"

"ಆ ಗಡಿಯಾರ! ನಾನು ಮೊದಲನೇ ಸಲ ಇಲ್ಲಿಗೆ ಬಂದಾಗ ನಿನ್ನ ಗೋಡೆಯ ಗಡಿಯಾರ ನೋಡಿ, ಇಂಥದ್ದು ಇಡೀ ಮೂಲ್ಕಿಯಲ್ಲಿ ಇಲ್ಲ ಅಂತ ಹೇಳಿದೆ. ನೀನು ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ ಥ್ಯಾಂಕ್ಸ್ ಅತ್ತೆ ಅಂತ ಹೇಳಿದಿ. ಮುಂದಿನ ರಜೆಗೆ ಬರುವಾಗ ಅಂಥದ್ದೇ ಇನ್ನೊಂದು, ಅದಕ್ಕಿಂತ ದೊಡ್ಡದು, ನವಿಲು ಇರುವಂಥದ್ದು, ಹೊತ್ತುಕೊಂಡು ಬಂದಿ. ಬಂದವರೆಲ್ಲರ ಎದುರು ಬಿಚ್ಚಿ ತೋರಿಸಿದಿ. ನನಗೆ ಚಾವಡಿಯಲ್ಲೇ ತೂಗುಹಾಕದೆ ಗತಿ ಉಂಟಾ? ಅವತ್ತೇ ನನ್ನ ತಂಗಿಗೆ ಹೇಳಿದೆ, ಇವಳು ಸಾಮಾನ್ಯದವಳಲ್ಲ, ನನ್ನ ಹತ್ತು ಮಾತಿಗೆ ಇವಳ ಒಂದು ಥ್ಯಾಂಕ್ಸ್ ಸಾಕು ಅಂತ."

ಆ ಗಡಿಯಾರವನ್ನು ನಾನು ಮನಾಮಾದ ಅಂಗಡಿ ಅಂಗಡಿ ತಿರುಗಿ, ಅತ್ತೆ ಎಷ್ಟು ಸಂತೋಷಪಡುತ್ತಾರೋ ಎಂದು ಪ್ರೀತಿಯಿಂದ ಕೊಂಡಿದ್ದೆ. ವಿಮಾನದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ.

"ಮೊನ್ನೆ ಸಾರು ಸಪ್ಪೆ ಅಂತ ಹೇಳಿದಾಗ ಮಾತ್ರ ನಿನಗೆ ನಿಜವಾಗಿ ಹುಷಾರಿಲ್ಲ ಅಂತ ಹೆದರಿದೆ," ಎಂದರು ಅತ್ತೆ. "ಅಷ್ಟು ಕಳಪೆಯಾಗಿ ನೀನು ಮಾತಾಡುವವಳಲ್ಲ."

ಕಾರಿನ ಕನ್ನಡಿಯಲ್ಲಿ ಗಂಡನ ಕಣ್ಣು ನನ್ನನ್ನು ನೋಡುತ್ತಿತ್ತು. ಗಡಿಯಾರ ಕೊಳ್ಳುವಾಗ ಅವನೂ ಜೊತೆಗಿದ್ದ. ಸತ್ಯ ಅವನಿಗೆ ಗೊತ್ತು. ಮದುವೆಯಾದ ಮೇಲೆ ಮೊದಲ ಸಲ ಅವನ ಮೌನ ನನ್ನ ಉಪಯೋಗಕ್ಕೆ ಬಂತು. ನಾನು ಕಿಟಕಿಯ ಕಡೆ ನೋಡುತ್ತಾ, ತುಂಬ ಹೊತ್ತು ಬಿಟ್ಟು, "ಹ್ಞೂಂ ಅತ್ತೆ," ಎಂದೆ. ಅಷ್ಟು ದೊಡ್ಡ ಗೌರವ ಸುಮ್ಮಸುಮ್ಮನೆ ಮಡಿಲಿಗೆ ಬಂದು ಬಿದ್ದಿರುವಾಗ ಅದನ್ನು ಎತ್ತಿ ವಾಪಸು ಕೊಡುವಷ್ಟು ಸತ್ಯವಂತೆ ನಾನಲ್ಲ.

ಅತ್ತೆ ನನ್ನ ಮೊಣಕೈ ತಟ್ಟಿದರು. "ಇನ್ನು ಖಲಾಸ್ ಮಾರಾಯ್ತಿ. ನನಗೆ ನಿನ್ನ ಜೊತೆ ಆಗೂದಿಲ್ಲ. ಹೇಳುವುದನ್ನು ಇನ್ನು ಸೀದಾ ಹೇಳ್ತೇನೆ."

ಭಾನುವಾರ ಆಫೀಸಿನಲ್ಲಿ ಸ್ಪೇನಿನವಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟು ಗಂಭೀರವಾಗಿ ಕೇಳಿಸಿಕೊಂಡಳು. "ನಿನ್ನ ಅತ್ತೆ ಮಾಡಿದ್ದು ಸೋರ್ನಾ," ಎಂದಳು. "ನಿನಗೆ ಆಗಿದ್ದು ಇರೋನಿಯಾ. ಮೊದಲನೆಯದನ್ನು ಮನುಷ್ಯರು ಮಾಡುತ್ತಾರೆ. ಎರಡನೆಯದು ಯಾರೂ ಮಾಡದೆ ಆಗುತ್ತದೆ." ಅಂದು ಅದನ್ನು ಪಾಠದ ಪುಸ್ತಕದ್ದು ಎಂದು ತಳ್ಳಿಹಾಕಿದವಳು ಇವಳೇ ಎಂದು ನೆನಪಿಸಬೇಕೆಂದಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ಬಂದು, ಒಂಟೆ ಯಾವ ಗೋಡೆಗೆ ಹೋಯಿತು ಎಂದು ಕೇಳಿದರು. ಮೂಲ್ಕಿಗೆ ಹೋಗುತ್ತದೆ ಎಂದೆ. ಅವರಿಗೆ ಇನ್ನೂ ಸಂತೋಷವಾಯಿತು.

ಅತ್ತೆ ಕೊಟ್ಟ ಮಾತಿನಂತೆ ನಡೆದುಕೊಂಡರು. ಸೋಮವಾರ ಬೆಳಿಗ್ಗೆ ನಾನು ನೀರ್ ದೋಸೆ ಹೊಯ್ಯುತ್ತಿದ್ದೆ. ಒಂದು ಹರಿಯಿತು. ಇನ್ನೊಂದು ಕಾವಲಿ ಬಿಟ್ಟು ಏಳಲೇ ಇಲ್ಲ. ಹಿಂದೆ ನಿಂತಿದ್ದ ಅತ್ತೆ ನನ್ನ ಕೈಯಿಂದ ಸಟ್ಟುಗ ಕಸಿದುಕೊಂಡು ಶುರು ಮಾಡಿದರು: "ಕಾವಲಿ ಕಾಯದೆ ಯಾರಾದ್ರೂ ಹೊಯ್ತಾರಾ? ಹಿಟ್ಟು ದಪ್ಪ ಆಯ್ತು, ನೀರು ಎಲ್ಲಿ ಉಂಟು ಇದರಲ್ಲಿ, ಹೆಸರೇ ನೀರ್ ದೋಸೆ ಅಲ್ವಾ, ಕಾಲೇಜಲ್ಲಿ ಎಂತ ಕಲಿಸಿದ್ರು ನಿನಗೆ, ಆಚೆ ನಿಲ್ಲು, ಅಯ್ಯೋ ಆ ಬಟ್ಟಲು ಅಲ್ಲ, ಈಚೆದ್ದು!"

ನಡುವೆ ಎರಡು ಮೂರು ತುಳು ಮಾತೂ ಸಿಡಿದವು. ಒಂದು ಕಡೆಯೂ ನಿಲ್ಲಲಿಲ್ಲ, ಉಸಿರೂ ತೆಗೆದುಕೊಳ್ಳಲಿಲ್ಲ. ತಂಗಿಯೊಡನೆ ಮಾತಾಡುವ ವೇಗದಲ್ಲಿ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ನಾನು ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತು ಬೈಸಿಕೊಂಡೆ. ದೋಸೆ ಅವರ ಕೈಯಲ್ಲಿ ತೆಳ್ಳಗೆ, ಬೆಳ್ಳಗೆ ಎದ್ದು ಬಂತು. ಅವರು ಅದನ್ನು ಮಡಿಸಿ ಮೊದಲು ನನ್ನ ತಟ್ಟೆಗೆ ಹಾಕಿ, "ತಿನ್ನು, ಆಫೀಸಿಗೆ ತಡ ಆಗ್ತದೆ," ಎಂದರು.